ನೆರಳಲ್ಲಿ ಒಣಗಬೇಕಿದ್ದ ಭತ್ತ

ಈ ವರ್ಷ ರೋಹಿಣಿ ಮಳೆ ಬಿದ್ದ ಎರಡನೇ ದಿನ, ಬೀಡಿ ಎಂಬ ಊರಿನ ಅಕ್ಕನ ಮನೆಯ ಅಂಗಳದಲ್ಲಿ, ಸುಡೋಮೊನಾಸ್ ಪುಡಿ ಹಚ್ಚಿದ ಅರ್ಧ ಚೀಲ ಬೀಜದ ಭತ್ತ ಮೂರು ತಾಸು ಬಿಸಿಲಲ್ಲಿ ಬಿದ್ದಿತ್ತು. ತಪ್ಪು ನನ್ನದು.

ಹಿಂದಿನ ವರ್ಷ ಬೆಂಕಿರೋಗ ಅಕ್ಕನ ಗದ್ದೆಯ ತೆನೆಗಳನ್ನು ಜೊಳ್ಳು ಮಾಡಿತ್ತು. ಅವ್ವ ಬಿತ್ತುತ್ತಿದ್ದ ಸಣ್ಣ ಭತ್ತ ಉಳಿದದ್ದು ಒಂದೇ ಚೀಲ. ಅದು ಅಂಗಡಿಯಲ್ಲಿ ಸಿಗುವ ತಳಿಯಲ್ಲ. ಈ ಸಲವೂ ಹೋದರೆ ಮುಗಿಯಿತು. ಬೆಳಗಾವಿಯ ಅಂಗಡಿಯವರು ಕೊಟ್ಟ ಪುಡಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇದ್ದವು. ಬೇರಿಗೆ ಅಂಟಿಕೊಂಡು ಬೆಳೆಯುತ್ತವೆ, ಸಸಿಗೆ ಬಲ ಕೊಡುತ್ತವೆ, ರೋಗ ತಡೆಯುತ್ತವೆ ಎಂದರು.

ಪ್ಯಾಕೆಟ್ಟಿನ ಮೇಲಿನ ಸೂಚನೆ ಇಂಗ್ಲಿಷಿನಲ್ಲಿತ್ತು. ನಾನು ಪ್ರತಿ ತಿದ್ದುವ ಪತ್ರಿಕೆಯ ಸುದ್ದಿಮನೆಯ ರೂಢಿಯಂತೆ ಅದನ್ನು ಒಂದು ಸಾಲಿಗೆ ಇಳಿಸಿ ಚೀಟಿ ಬರೆದು, ಪುಡಿಯ ಜೊತೆ ಕಳಿಸಿದೆ: ಬೆಲ್ಲದ ನೀರಲ್ಲಿ ಪುಡಿ ಕಲಸಿ, ಬೀಜಕ್ಕೆ ಹಚ್ಚಿ, ಒಣಗಿಸಿ, ಬಿತ್ತು. ‘ನೆರಳಲ್ಲಿ’ ಎಂಬ ಪದವನ್ನು ನಾನೇ ಕತ್ತರಿಸಿದ್ದೆ.

ಅಂದು ಮಧ್ಯಾಹ್ನ ಬೀಡಿಗೆ ಹೋಗಿ ಅಂಗಳ ನೋಡಿದಾಗ ಕೂಗಿಬಿಟ್ಟೆ.

“ಅಕ್ಕಾ, ಬಿಸಲಿಗೆ ಯಾಕ ಹಾಕಿದಿ? ಪುಡ್ಯಾಗಿನ ಜೀವ ಸಾಯ್ತಾವು!”

“ಬಿಸಲು ತೋರಸದ ಬೀಜ ಬಿತ್ತೂದು ನಮ್ಮ ಮನ್ಯಾಗ ಯಾವಾಗ ಐತಿ? ನೆರಳು ಅಂತ ಎಲ್ಲಿ ಬರದಿ, ತೋರಸು.”

ಚೀಟಿ ಓದಿದೆ. ಬರೆದಿರಲಿಲ್ಲ.

“ಊರ ಮಂದೀದೆಲ್ಲಾ ತಿದ್ದತಿ ತಮ್ಮಾ, ಅಕ್ಕನ ಚೀಟಿ ಅಷ್ಟ ಬಿಟ್ಟಿ ನೋಡು.”

ಉಳಿದಿದ್ದ ಪುಡಿಯನ್ನು ಇನ್ನರ್ಧ ಚೀಲಕ್ಕೆ ಹಚ್ಚಿ ಪಡಸಾಲೆಯಲ್ಲಿ ಹರಡಿದೆವು. ಮತ್ತೆ ಪುಡಿ ತರಲು ವೇಳೆ ಇರಲಿಲ್ಲ. ಮರುದಿನ ಬೆಳಿಗ್ಗೆಗೇ ಬಿತ್ತಲು ಕೂರಿಗೆ ಹೇಳಿಯಾಗಿತ್ತು, ಮೋಡವೂ ಕವಿಯತೊಡಗಿತ್ತು. ಬಿಸಿಲು ಕಂಡ ಬೀಜ ರಸ್ತೆಯ ಬದಿಗೆ, ನೆರಳಿನದು ಹಳ್ಳದ ಬದಿಗೆ ಬಿತ್ತಾಯಿತು.

ಅಂದಿನಿಂದ ಬೆಳಗಾವಿಯ ಶಿವಬಸವ ನಗರದ ನನ್ನ ಮನೆಯಲ್ಲಿ ಭಾನುವಾರ ಕೂತಿಲ್ಲ. ಬೆಳಗಿನ ಖಾನಾಪುರ ಬಸ್ಸು ಹಿಡಿಯುತ್ತೇನೆ, ಅಲ್ಲಿಂದ ಬೀಡಿ. ಸಾಲುಸಾಲಾಗಿ ಎಲೆ ಮಗುಚಿ ನೋಡುತ್ತೇನೆ. ವಾರದ ನಡುವೆ ಆಫೀಸಿನಿಂದ ಅಕ್ಕನಿಗೆ ಫೋನು.

“ಭತ್ತದ್ದೂ ಪ್ರೂಫ್ ನೋಡಾಕತ್ತೀ ಏನು?” ಎಂದು ಬದುವಿನ ಮೇಲೆ ನಿಂತು ಅಕ್ಕ ನಕ್ಕಳು. ಆದರೆ ನಾನು ಬರುವ ಮೊದಲೇ ಅವಳೂ ನೋಡಿರುತ್ತಾಳೆ. ಅವಳ ಹೆಜ್ಜೆಗಳು ಕೆಸರಿನಲ್ಲಿ ಕಾಣುತ್ತವೆ.

ಕಳೆದ ಭಾನುವಾರ ರಸ್ತೆಯ ಬದಿಯಲ್ಲಿ ಏಳು ಎಲೆಗಳ ಮೇಲೆ ಎರಡೂ ತುದಿ ಚೂಪಾದ ಕಂದು ಕಲೆಗಳು ಸಿಕ್ಕವು, ಬೆಂಕಿರೋಗದ ಗುರುತು. ಹಳ್ಳದ ಬದಿಯಲ್ಲಿ ಸಿಗಲಿಲ್ಲ. ಸಿಂಪಡಿಸಲು ಅದೇ ಪುಡಿಯ ಇನ್ನೊಂದು ಪ್ಯಾಕೆಟ್ ಕೊಟ್ಟು, ಸೂಚನೆಯನ್ನು ಇಡಿಯಾಗಿ ಬರೆದು ಬಂದಿದ್ದೇನೆ. ಸೋಮವಾರ ಸಂಜೆ, ಬಿಸಿಲು ಇಳಿದ ಮೇಲೆ, ಅಕ್ಕ ಸಿಂಪಡಿಸಿದಳು. ತೆನೆ ಇನ್ನೂ ಹೊರಬಿದ್ದಿಲ್ಲ.