ಹೊಳೆಯಾಚೆಯ ಚಿಗವ್ವನ ಮನೆ

ಆ ಬೇಸಿಗೆ ಸೂಟಿಗೆ ನಮ್ಮಿಬ್ಬರು ಅಕ್ಕತಂಗಿಯರನ್ನೂ ದಾಂಡೇಲಿಗೆ, ತನ್ನ ತಂಗಿಯ ಮನೆಗೆ ಕಳಿಸುವಾಗ ಅವ್ವ ಮುಚ್ಚುಮರೆ ಏನೂ ಮಾಡಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಹೇಳಿದಳು: "ನಿಮ್ಮ ಚಿಗವ್ವಗ ಮಕ್ಕಳಿಲ್ಲ. ಇಬ್ಬರೊಳಗ ಒಬ್ಬಾಕಿನ್ನ ತನ್ನ ಕಡೆ ಇಟಗೊಂಡು ಸಾಲಿ ಕಲಸ್ತೇನಿ ಅಂದಾಳ. ಯಾರನ್ನಂತ ಆಕೀನ ಆರಸ್ಲಿ. ಶಾಣ್ಯಾರಾಗಿ ಇರ್ರಿ."

ಯಾರನ್ನು ಆರಿಸಬೇಕು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹಳಿಯಾಳದ ಹತ್ತಿರದ ನಮ್ಮ ಹಳ್ಳಿಯ ಸಾಲಿ ನಾಲ್ಕನೇ ಇಯತ್ತೆಗೆ ಮುಗಿಯುತ್ತಿತ್ತು. ನಾನು ಅದನ್ನು ಪಾಸು ಮಾಡಿ ಕೂತಿದ್ದೆ. ಇನ್ನು ಮುಂದೆ ತೊಟ್ಟಿಲಲ್ಲಿದ್ದ ತಮ್ಮ, ಕೊಟ್ಟಿಗೆಯಲ್ಲಿದ್ದ ಎಮ್ಮೆ, ಇಷ್ಟೇ ನನ್ನ ಪಾಲಿಗೆ. ತಂಗಿಯೋ, ಏಳು ವರ್ಷದವಳು, ಸಾಲಿಗೆ ಹೋಗು ಅಂದರೆ ಕಂಬ ತಬ್ಬಿಕೊಂಡು ರಂಪ ಮಾಡುವವಳು. ಅಂಥವಳನ್ನು ಕರೆದು ಯಾರು ಕಲಿಸುತ್ತಾರೆ? ಹಾಗಂದುಕೊಂಡೇ ನಾನು ಬಸ್ಸು ಹತ್ತಿದೆ.

ಚಿಗವ್ವನ ಗಂಡ, ನಮ್ಮ ಕಾಕಾ, ಅಲ್ಲಿ ಒಂದು ಕಟ್ಟಿಗೆ ಡಿಪೋದಲ್ಲಿ ಕಾರಕೂನನಾಗಿದ್ದ. ಪೇಟೆ, ಬಸ್ಸು, ಸಾಲಿ ಎಲ್ಲ ಕಾಳಿ ಹೊಳೆಯ ಈಚೆಗೆ. ಅವರ ಓಣಿ ಆಚೆ ದಂಡೆಗೆ. ಕೆಲವೇ ಮನೆಗಳ ಓಣಿ ಅದು. ಮಧ್ಯಾಹ್ನ ಯಾರಾದರೂ ಕೆಮ್ಮಿದರೆ, ಕೆಮ್ಮಿದವರು ಯಾರೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಊರ ಕಡೆಯಿಂದ ಗಿರಣಿಯ ಭೋಂಗಾ ಕೂಗಿದಾಗ ಮಾತ್ರ ಇಲ್ಲಿಯ ನಾಯಿಗಳು ಒಂದು ಸಲ ಎದ್ದು ಬೊಗಳಿ ಮತ್ತೆ ಮಲಗುತ್ತಿದ್ದವು. ಇಡೀ ಓಣಿಗೆ ಒಂದೇ ದೋಣಿ. ಉಪ್ಪು ತರಲಿಕ್ಕೂ ದೋಣಿ, ಹಿಟ್ಟು ಹಾಕಿಸಲಿಕ್ಕೂ ದೋಣಿ. ಹೊರಟವರು ದಂಡೆಯ ಮೇಲೆ ನಿಂತು, "ಪ್ಯಾಟಿಗೆ ಬರ್ತೀರೇನ್ರಿ" ಎಂದು ಕೂಗುವರು. ಚೀಲ ಹಿಡಿದು ಬಂದವರು ಹತ್ತಿ ಕೂಡುವರು. ಬಯಲುಸೀಮೆಯವನಾದ ಕಾಕಾ ಹುಟ್ಟು ಹಾಕುವುದನ್ನು ಅಲ್ಲಿಗೆ ಬಂದ ಮೇಲೆ ಕಲಿತಿದ್ದ. ಆಗಿನ್ನೂ ಮೇಲೆ ಸೂಪಾದಲ್ಲಿ ನೀರು ಹಿಡಿದು ಬಿಡುವ ಆಣೆಕಟ್ಟು ಇರಲಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದು, ಕೆರೆಯ ನೀರಿನ ಹಾಗೆ ಸುಮ್ಮನಿರುತ್ತಿತ್ತು. ಮೊದಲ ಸಲ ಆ ದೋಣಿ ಹತ್ತಿದಾಗಲೇ, ದಿನಾ ಹೀಗೆ ಪಾಟಿಚೀಲ ಹಿಡಿದು ಸಾಲಿಗೆ ಹೋಗುವವಳು ನಾನೇ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಆದರೆ ದೋಣಿಯ ಮುಂದಿನ ತುದಿಯ ಜಾಗ ಅವತ್ತೇ ತಂಗಿಯ ಪಾಲಾಯಿತು. ಅಲ್ಲಿ ಕೂತರೆ ನೀರು ಸೀಳುವುದು ಕಾಣುತ್ತದೆ, ಗಾಳಿ ನೆಟ್ಟಗೆ ಮುಖಕ್ಕೇ ಬೀಸುತ್ತದೆ. ಚಿಗವ್ವ ಅವಳ ಬೆನ್ನಿಗೆ ಕೂತು, ಬೀಳದ ಹಾಗೆ ಸೊಂಟ ಬಳಸಿ ಹಿಡಿದುಕೊಂಡಳು. ನನಗೆ ಸಿಕ್ಕಿದ್ದು ಹಿಂದುಗಡೆ, ಕಾಕಾನ ಕಾಲ ಬುಡ. ದೋಣಿಯ ತಳದಲ್ಲಿ ನೀರು ಜಿನುಗುತ್ತಿತ್ತು. ಚಿಗವ್ವ ಒಂದು ಡಬ್ಬಿ ಕೊಟ್ಟು, "ನೀ ದೊಡ್ಡಾಕಿ, ನೀರು ತೋಡಿ ಚೆಲ್ಲವ್ವಾ" ಅಂದಳು. ತೋಡಿದೆ. ನಗುನಗುತ್ತಲೇ ತೋಡಿದೆ. ಕಣ್ಣು ಮಾತ್ರ ಮುಂದಿನ ತುದಿಯ ಮೇಲೇ ಇತ್ತು.

ಆಗಲಿ, ಮುದ್ದಿನಲ್ಲಿ ಅವಳು ಗೆಲ್ಲಲಿ, ಕೆಲಸದಲ್ಲಿ ನಾನು ಗೆಲ್ಲುತ್ತೇನೆ ಎಂದು ಹಟ ಹಿಡಿದೆ. ಚಿಗವ್ವ ಏಳುವ ಮೊದಲೇ ಎದ್ದು ಅಂಗಳ ಗುಡಿಸಿ ನೀರು ಹಾಕುತ್ತಿದ್ದೆ. ಕಂದೀಲಿನ ಗಾಜಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಹೊಳೆಯಿಂದ ಕೊಡ ಹೊತ್ತು ತಂದು ಹಂಡೆ ತುಂಬುತ್ತಿದ್ದೆ. ನನ್ನ ತಂಗಿ ಎಂಬ ಮಹಾರಾಣಿ ಬಿಸಿಲು ಹಾಸಿಗೆಗೆ ಬಂದ ಮೇಲೆ ಕಣ್ಣು ತಿಕ್ಕುತ್ತ ಎದ್ದು ಬರುವಳು; ಬಂದವಳೇ ಚಿಗವ್ವನ ತೊಡೆಯ ಮೇಲೆ ತಲೆ ಇಟ್ಟು ಮತ್ತೆ ಮಲಗುವಳು. ಚಿಗವ್ವ ಅವಳ ಕೂದಲು ಬಿಡಿಸಿ ಒಂದೊಂದೇ ಹೇನು ಹೆಕ್ಕುತ್ತ ಕೂಡುವಳು. ನನ್ನ ತಲೆಯಲ್ಲಿ ಹೇನಿರಲಿಲ್ಲ. ಅವಳ ತಲೆಯಲ್ಲಿ ಹೇನು ಆದದ್ದೂ ಅವಳ ಪುಣ್ಯವೇ ಆಗಿಬಿಟ್ಟಿತು ನೋಡಿ.

ಹಾಗಂತ ನನ್ನನ್ನು ಯಾರೂ ಹೊಗಳಲಿಲ್ಲ ಅಂತಲ್ಲ. ಪಕ್ಕದ ಮನೆಯವರು ಬಂದಾಗ ಚಿಗವ್ವ, "ನಮ್ಮಕ್ಕನ ಮಗಳರೀ. ಕೈ ಭಾಳ ಚುರುಕ ಐತಿ. ಒಂದ ಕೆಲಸ ಹೇಳಬೇಕಾಗಿಲ್ಲ" ಅನ್ನುತ್ತಿದ್ದಳು. ಆ ಮಾತು ಕೇಳಿದ ದಿನ ನಾನು ತಿಕ್ಕಿದ ತಂಬಿಗೆಯನ್ನೇ ಇನ್ನೊಂದು ಸಲ ತಿಕ್ಕುತ್ತಿದ್ದೆ.

ಒಂದು ರವಿವಾರ ಬುತ್ತಿ ಕಟ್ಟಿಕೊಂಡು ದೋಣಿಯಲ್ಲೇ ಮೌಳಂಗಿಯ ಕಡೆಗೆ ಹೋದೆವು. ದಂಡೆಯ ನೆರಳು ಹಿಡಿದು ಕಾಕಾ ನಿಧಾನ ಹುಟ್ಟು ಹಾಕುತ್ತಿದ್ದ. ತಂಗಿ ಮುಂದುಗಡೆ ಬಗ್ಗಿ, ಚಿಗವ್ವನ ಹಿತ್ತಾಳೆ ತಂಬಿಗೆಯನ್ನು ನೀರಿಗೆ ಅದ್ದುವುದು ಎತ್ತುವುದು ಮಾಡುತ್ತಿದ್ದವಳು, ಕೈ ಜಾರಿ ಅದನ್ನು ಮುಳುಗಿಸಿಯೇ ಬಿಟ್ಟಳು. ಅದು ಚಿಗವ್ವನಿಗೆ ತವರಿನಿಂದ ಮದುವೆಯಲ್ಲಿ ಬಂದ ತಂಬಿಗೆ. ನನಗೆ ಎಷ್ಟು ಖುಷಿಯಾಯಿತೆಂದರೆ ನಗು ತಡೆಯಲು ಸೆರಗಿಲ್ಲದ್ದಕ್ಕೆ ಪೋಲಕದ ತೋಳು ಕಚ್ಚಿಕೊಂಡೆ. ಈಗ ಬೀಳುತ್ತವೆ ಎರಡು, ಈಗ ತಿಳಿಯುತ್ತದೆ ಚಿಗವ್ವನಿಗೆ ಯಾರು ಎಂಥವರು ಅಂತ, ಎಂದು ಕಾಯುತ್ತ ಕೂತೆ. ಚಿಗವ್ವ ಅವಳನ್ನು ಎಳೆದು ಎದೆಗೆ ಒತ್ತಿಕೊಂಡಳು. "ತಂಬಗಿ ಹೋದ್ರ ಹೋಗ್ಲಿ. ನೀ ಬೀಳಲಿಲ್ಲಲಾ, ನನ್ನ ಬಂಗಾರ" ಅಂದಳು. ನಾನು ಆ ತಂಬಿಗೆಯನ್ನು ಎಷ್ಟು ಸಲ ಹುಣಸೆಹಣ್ಣು ಹಚ್ಚಿ ಬೆಳಗಿದ್ದೆ. ಒಂದು ದಿನವೂ ನನ್ನನ್ನು ಬಂಗಾರ ಅಂದಿರಲಿಲ್ಲ.

ಊಟವಾದ ಮೇಲೆ ಕಾಕಾ ತಂಗಿಯನ್ನು ಕರೆದುಕೊಂಡು ಬಣ್ಣದ ಕಲ್ಲು ಆರಿಸಲು ಹೋದ. ಚಿಗವ್ವನೂ ನಾನೂ ನೀರಿನಂಚಿಗೆ ಕೂತು ಡಬ್ಬಿ ತೊಳೆಯುತ್ತಿದ್ದೆವು. ಇನ್ನು ತಡೆಯಲಾರೆ ಅನಿಸಿತು.

"ಚಿಗವ್ವಾ, ನನ್ನ ಇಟಗೋ" ಅಂದೆ. "ಸಾಲಿಗೆ ಹೋಗಿ ಬಂದೂ ಎಲ್ಲಾ ಕೆಲಸ ಮಾಡ್ತೇನಿ. ರೊಟ್ಟೀನೂ ಬಡೀತೇನಿ. ಆಕಿಗೆ ಏನೂ ಬರೂದಿಲ್ಲ."

ಚಿಗವ್ವ ನನ್ನ ಕೈಗಳನ್ನೇ ನೋಡಿದಳು. "ನಿನ್ನಂಥಾಕಿ ಯಾವ ಮನ್ಯಾಗಿದ್ರೂ ಆ ಮನಿ ನಡೀತೈತಿ ಬಿಡವಾ" ಅಂದಳು. ನಾನು ಅದನ್ನು ಹೂಂ ಎಂದೇ ತಿಳಿದೆ. ತಿರುಗಿ ಬರುವಾಗ ತಂಗಿ ಚಿಗವ್ವನ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಮಲಗಲಿ, ಇನ್ನೆಷ್ಟು ದಿನ ಎಂದುಕೊಂಡು ಹಾಯಾಗಿ ನೀರು ತೋಡಿದೆ.

ಸೂಟಿ ಮುಗಿಯಿತು. ಒಬ್ಬಳು ಊರಿಗೆ ಹೋಗಬೇಕಾದ ದಿನ ಮುಂಜಾನೆ ಚಿಗವ್ವ ದೇವರ ಮುಂದೆ ಮಣೆ ಹಾಕಿ ನನ್ನನ್ನು ಕರೆದಳು. ಗಲ್ಲಕ್ಕೆ ಅರಿಷಿಣ ಹಚ್ಚಿ, ಹಣೆಗೆ ಕುಂಕುಮ ಇಟ್ಟಳು. ಪರಕಾರದ ಅಂಚು ಎತ್ತಿ ಹಿಡಿ ಎಂದು, ಉಡಿ ತುಂಬಿದಳು. ಅಕ್ಕಿ, ಬೆಲ್ಲದ ಅಚ್ಚು, ಕೊಬ್ಬರಿ ಬಟ್ಟಲು, ಎಲೆ ಅಡಿಕೆ; ಅದರ ಮೇಲೆ ಕೆಂಪು ದಡಿಯ ಹಸಿರು ಖಣ. ಅಂಥ ಖಣ ನಮ್ಮವ್ವನ ಪೆಟ್ಟಿಗೆಯಲ್ಲೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಂಗಿ, "ನನಗ?" ಅಂದಳು. "ನಿನಗೀಗ ಇಲ್ಲ" ಅಂದಳು ಚಿಗವ್ವ. ಅಬ್ಬಾ, ಅಷ್ಟು ದಿನ ಉರಿದದ್ದೆಲ್ಲ ಒಂದೇ ಗಳಿಗೆಗೆ ತಣ್ಣಗಾಯಿತು. ಚಿಗವ್ವನಿಗೆ ಕಾಣದ ಹಾಗೆ ತಂಗಿಗೆ ನಾಲಿಗೆ ಚಾಚಿದೆ.

ಅವಳನ್ನು ಬೀಳ್ಕೊಡಲೆಂದು, ಉಡಿ ಹಿಡಿದುಕೊಂಡೇ ನಾನೂ ದಂಡೆಗೆ ಬಂದೆ. ಕಾಕಾ ದೋಣಿಯಲ್ಲಿ ನಿಂತು ನನ್ನ ಕಡೆಗೆ ಕೈ ಚಾಚಿದ. "ಹತ್ತವ್ವಾ, ಬಸ್ ತಪ್ಪೀತು."

"ನಾ ಯಾಕ? ಆಕಿ ಅಲ್ಲೇನು ಹೋಗಾಕಿ?" ಅಂದೆ.

ಕಾಕಾ ಚಿಗವ್ವನ ಮುಖ ನೋಡಿದ. ಆಗ ನೋಡಿದೆ, ಅವನ ಕಾಲ ಬಳಿ ಇದ್ದದ್ದು ನನ್ನ ಗಂಟು ಒಂದೇ. ಊರಿಗೆ ಹೊರಟ ಹೆಣ್ಣುಮಗಳಿಗೆ ಉಡಿ ತುಂಬುತ್ತಾರೆ, ಮನೆಯಲ್ಲೇ ಉಳಿಯುವವಳಿಗೆ ಯಾರೂ ತುಂಬುವುದಿಲ್ಲ. ಇದು ನಮ್ಮ ಕಡೆ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ತಂಗಿಗಿಲ್ಲದ್ದು ನನಗೆ ಸಿಕ್ಕಿತಲ್ಲ ಎಂಬ ಸಂಭ್ರಮದಲ್ಲಿ ಅದೊಂದು ನೆನಪಿಗೇ ಬರಲಿಲ್ಲ.

ಚಿಗವ್ವ ನನ್ನ ಗಲ್ಲ ಸವರಿದಳು. "ನಿಮ್ಮವ್ವಗ ನೀ ಇಲ್ದ ಹೆಂಗ ನಡೀತೈತಿ ಹೇಳು. ನಿನ್ನಂಥ ಕೆಲಸದಾಕೀನ ನಾ ಕಸಗೊಂಡ್ರ ಆಕಿ ಏನ್ ಮಾಡಬೇಕು? ಇದು ಏನೂ ಬಾರದ್ದು. ಇದು ನನ್ನ ಕಡೆ ಇರಲಿ" ಅಂದಳು. ನಾನು ಹೊತ್ತ ನೀರು, ತಿಕ್ಕಿದ ಪಾತ್ರೆ ಎಲ್ಲ ಸೇರಿ ನನ್ನನ್ನೇ ಊರಿಗೆ ಅಟ್ಟಿದ್ದವು.

ದೋಣಿ ದಂಡೆ ಬಿಟ್ಟು ಸ್ವಲ್ಪ ದೂರ ಬರುವವರೆಗೆ ತಂಗಿಗೆ ಏನೂ ತಿಳಿಯಲಿಲ್ಲ. ತಿಳಿದ ಕೂಡಲೇ, "ಅಕ್ಕಾ, ನಾನೂ ಬರ್ತೇನಿ, ಅವ್ವನ ಕಡೆ ಹೋಗೂಣು" ಎಂದು ಚೀರುತ್ತ ನೀರಿಗೇ ಓಡಿ ಬಂದಳು. ಚಿಗವ್ವ ಉಟ್ಟ ಸೀರೆಯಲ್ಲೇ ಮೊಣಕಾಲವರೆಗೆ ಹೊಳೆಗೆ ಇಳಿದು, ಅಷ್ಟು ದೊಡ್ಡ ಹುಡುಗಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು, ಬೆನ್ನು ತಟ್ಟಿದಳು, ಸೆರಗಿನಿಂದ ಮುಖ ಒರೆಸಿದಳು.

"ಪಾಪ, ಹೆಂಗ ಅಳ್ತೈತಿ ನೋಡು" ಅಂದ ಕಾಕಾ.

ನನಗೆ ಪಾಪ ಅನಿಸಲಿಲ್ಲ. ಅವಳ ಆ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚೇ ಆಯಿತು. ಅವಳು ಅತ್ತರೆ ನೀರಿಗಿಳಿದು ಎತ್ತಿಕೊಳ್ಳುವವರಿದ್ದರು. ನಾನು ಉಡಿಯ ಅಕ್ಕಿ ಚೆಲ್ಲದ ಹಾಗೆ ಎರಡೂ ಕೈಯಿಂದ ಪರಕಾರ ಹಿಡಿದು ಕೂತಿದ್ದೆ. ನನ್ನ ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.