ಹದಿಮೂರನೆಯ ಟುಟು

ಆಯಿಯ ಎಡ ಅಂಗೈಯಲ್ಲಿ ಒಂದು ರೇಖೆಯೂ ಇರಲಿಲ್ಲ. ಎಂದೋ ಸುಟ್ಟು ಮಾಗಿದ ಚರ್ಮ ನುಣ್ಣಗೆ ಬಿಗಿದುಕೊಂಡಿತ್ತು. ಕಿರುಬೆರಳು, ಉಂಗುರಬೆರಳು ಒಳಕ್ಕೆ ಮಡಚಿದವು ಹಾಗೇ ನಿಂತುಬಿಟ್ಟಿದ್ದವು. ಉಳಿದ ಮೂರು ಬೆರಳಲ್ಲೇ ಬಟ್ಟೆ ಹಿಡಿದು, ಆಳಂದದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಮಷೀನು ತುಳಿಯುತ್ತಿದ್ದಳು. "ನನ್ನ ಕೈ ನೋಡಿ ಭವಿಷ್ಯ ಹೇಳೋರು ಗಾಣಗಾಪುರದಾಗೂ ಸಿಗಲಿಲ್ರಿ" ಎಂದು ತಾನೇ ನಗುತ್ತಿದ್ದಳು.

ಮಣ್ಣೂರಿನ ಮುದುಕಿ, ಊರಿಗೆಲ್ಲ ಆಯಿ. ಹರೆಯದಲ್ಲಿ ಒಂದು ನಾಟಕ ಕಂಪನಿಯ ಬಟ್ಟೆಬರೆ ನೋಡಿಕೊಂಡಿದ್ದಳು. ಕಂಪನಿ ಮುಚ್ಚಿದ ಮೇಲೆ ಸುತ್ತಲಿನ ಶಾಲೆಗಳ ವಾರ್ಷಿಕೋತ್ಸವದ ಗ್ಯಾದರಿಂಗಿಗೆ ಡ್ರೆಸ್ ಹೊಲಿದು ಹೊಟ್ಟೆ ಹೊರೆದಳು. ಆಯಿ ಹೊಲಿದದ್ದು ಎಂದರೆ ಯಾರೂ ತಿರುಗಿಸಿ ನೋಡುತ್ತಿರಲಿಲ್ಲ, ಅಷ್ಟು ಭರವಸೆ. ಅವಳಿಗಿದ್ದ ಆಸ್ತಿಯೆಂದರೆ ಆ ಹೆಸರೊಂದೇ.

ನಾನು ಅಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಟೀಚರು. ಮುಂಗೋಪಿ, ಜೊತೆಗೆ ಜಂಬದವಳು. ಒಂದು ವರ್ಷ ಮೊಬೈಲಿನಲ್ಲಿ ಬ್ಯಾಲೆ ನೋಡಿ ನೋಡಿ ತಲೆಗೆ ಹುಚ್ಚು ಹತ್ತಿತು. ಎಲ್ಲ ಶಾಲೆಯವರೂ ಸಿನಿಮಾ ಹಾಡಿಗೆ ಕುಣಿಸಲಿ, ನಾನು ಹದಿಮೂರು ಹುಡುಗಿಯರಿಗೆ ಬ್ಯಾಲೆಯ ಆ ಬಿಳಿ ಲಂಗ, ಟುಟು, ತೊಡಿಸಿ ಕುಣಿಸುತ್ತೇನೆ ಎಂದು ಹಟ ಹಿಡಿದೆ. ಮುಂದೆ ನಿಂತು ಕುಣಿಯುವವಳು ನನ್ನ ಮಗಳು. ಆಗ ಅವಳಿಗೆ ಹತ್ತು ವರ್ಷ.

ಆಯಿಗೆ ಚಿತ್ರ ತೋರಿಸಿ ಓದಿದ್ದನ್ನೆಲ್ಲ ಹೇಳಿದೆ. ಸುಮಾರು ಇನ್ನೂರು ವರ್ಷದ ಹಿಂದೆ ಪ್ಯಾರಿಸ್ಸಿನ ನರ್ತಕಿಯರು ಕಾಲ ಬೆರಳ ತುದಿಯ ಮೇಲೆ ನಿಂತು ಕುಣಿಯತೊಡಗಿದರು. ಆ ಪಾದ ಜನಕ್ಕೆ ಕಾಣಬೇಕಲ್ಲ, ಲಂಗ ಹಿಮ್ಮಡಿ ಬಿಟ್ಟು ಮೇಲೇರಿತು. ತೆಳ್ಳನೆಯ ಬಿಳಿ ಬಟ್ಟೆ, ಪದರದ ಮೇಲೆ ಪದರ. ಟುಟು ಎಂಬ ಹೆಸರು ಬಂದದ್ದು ಆಮೇಲೆ. ಕಥೆಗಳೂ ಹಾಗೇ: ಗಾಳಿಯ ಯಕ್ಷಿಣಿಯರು, ಮದುವೆಗೆ ಮುಂಚೆ ಸತ್ತು ದೆವ್ವವಾದ ಹುಡುಗಿಯರು. ರಂಗಮಂದಿರಗಳಿಗೆ ಗ್ಯಾಸಿನ ದೀಪ ಹೊಸದಾಗಿ ಬಂದಿತ್ತು. ಆ ಬೆಳಕಿನಲ್ಲಿ ಅವರು ನೆಲ ಮುಟ್ಟದೆ ತೇಲಿದಂತೆ ಕಾಣುತ್ತಿದ್ದರಂತೆ.

ಮಷೀನು ನಿಂತಿತು. "ಗ್ಯಾಸ್ ಬತ್ತಿ ಮುಂದ ಇಂಥಾ ಲಂಗ-ಪರಕಾರ ಉಟ್ಟು ಕುಣೀತಿದ್ರಾ? ಬೆಂಕಿ ಹತ್ತತಿರಲಿಲ್ಲೇನ್ರಿ?"

"ಹತ್ತತಿತ್ತು ಆಯಿ. ಬಟ್ಟೀನ ಪಟಿಕದ ನೀರಾಗ ಅದ್ದರಿ ಅಂತ ಹೇಳಿದ್ರಂತ. ಅದ್ದಿದ್ರ ಬಿರುಸಾಗ್ತದ, ಹಳದಿ ಆಗ್ತದ ಅಂತ ಭಾಳ ಮಂದಿ ಒಲ್ಲೆ ಅಂದ್ರು. ಒಬ್ಬಾಕಿ ತಾಲೀಮಿನಾಗ ಕುಂದ್ರೋ ಮುಂದ, ಲಂಗ ಮುದುಡಬಾರ್ದಂತ ಎತ್ತಿ ಝಾಡಿಸಿದ್ಳು. ದೀಪಕ್ಕ ತಾಗಿತು. ತಿಂಗಳಗಟ್ಲೆ ನರಳಿ ಸತ್ಳು."

ಆಯಿ ತನ್ನ ಅಂಗೈ ನೋಡಿಕೊಂಡಳು. "ಕಂಪನ್ಯಾಗ ಕುಣೀತಿದ್ದ ನಮ್ಮ ತಂಗೀನೂ ಹಂಗೇ ಹೋದ್ಳು. ಅಫಜಲಪುರದ ಕ್ಯಾಂಪಿನಾಗ ಕರೆಂಟ್ ಹೋಗಿ ಗ್ಯಾಸ್ ಬತ್ತಿ ತಂದಿಟ್ಟಿದ್ರು. ಹಿಡೀಲಿಕ್ಕಿ ಹೋದೆ, ಕೈಗಿ ಬೂದಿ ಸಿಕ್ಕಿತು." ಚಿತ್ರವನ್ನು ನನ್ನ ಕೈಗೆ ಮರಳಿಸಿ ಕೇಳಿದಳು: "ನಿಮ್ಮ ದೀಪ ಎಲ್ಲಿ ಇಡ್ತೀರಿ ಅಕ್ಕೋರ?"

ಸ್ಟೇಜಿನ ಅಂಚಿಗೆ ಮೂವತ್ತು ಹಣತೆ, ಪ್ಯಾರಿಸ್ಸಿನಲ್ಲಿ ಇದ್ದ ಹಾಗೇ, ಎಂದೆ. ಅವಳು ಷರತ್ತು ಹಾಕಿದಳು. ನೈಲಾನ್ ಜಾಲರಿ ಬಟ್ಟೆ ಬೇಡ, ಸುಟ್ಟರೆ ಮೈಗೆ ಅಂಟುತ್ತದೆ. ಹತ್ತಿಯ ಮಲ್ ಬಟ್ಟೆಯೇ ಬೇಕು. ಹೊಲಿದ ಮೇಲೆ ಪಟಿಕ ಮತ್ತು ಅಕ್ಕಸಾಲಿಗರ ಬಿಳಿಗಾರ ಕರಗಿಸಿದ ನೀರಿನಲ್ಲಿ ತಾನೇ ಅದ್ದುತ್ತಾಳೆ. ಅದ್ದಿದ್ದನ್ನು ಯಾರೂ ಒಗೆಯಕೂಡದು, ಒಗೆದರೆ ಬೆಂಕಿ ತಡೆಯುವ ಗುಣ ಹೋಗುತ್ತದೆ. ಪ್ರತಿ ಲಂಗದ ಅಂಚಿಗೂ ಒಂದು ಸಣ್ಣ ಪಟ್ಟಿ ಜೋತಾಡುವಂತೆ ಬಿಟ್ಟಿರುತ್ತಾಳೆ. ಆಟದ ದಿನ ಅದನ್ನು ಕತ್ತರಿಸಿ ದೀಪಕ್ಕೆ ಹಿಡಿದು ನೋಡಬೇಕು. ಅದ್ದುವುದು ಕಂಪನಿಯಲ್ಲಿ ಮೊದಲಿಂದ ಇತ್ತು; ಪಟ್ಟಿ ಸುಟ್ಟು ನೋಡುವುದು ತಂಗಿ ಹೋದಮೇಲೆ ಅವಳೇ ತಂದ ಪದ್ಧತಿಯಂತೆ.

ಟುಟುಗಳು ಬಂದವು. ಹೊಲಿಗೆ ಬಲು ಚೆಂದ, ಬಣ್ಣ ಮಾತ್ರ ಮಾಸಿದ ದೋತರದ್ದು. ನನಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡು ಹೇಗಾದರೂ ಇರಲಿ, ಮುಂದೆ ನಿಲ್ಲುವವಳದ್ದಾದರೂ ಬೆಳ್ಳಗಿರಲಿ ಎಂದು ಮಗಳದ್ದನ್ನು ಮನೆಗೆ ಒಯ್ದೆ. ಅವಳು ಮಲಗಿದ ಮೇಲೆ ಸೋಪಿನಲ್ಲಿ ಒಗೆದು, ನೀಲಿ ಹಾಕಿ, ಗಂಜಿಯಲ್ಲಿ ಅದ್ದಿ ಒಣಗಿಸಿದೆ. ಮಲ್ಲಿಗೆಯಂತೆ ಅರಳಿತು. ಪ್ಯಾರಿಸ್ಸಿನ ಹುಡುಗಿಯ ಕಥೆ ಹೇಳಿದ ಬಾಯಿ ನನ್ನದು, ಒಗೆದ ಕೈಯೂ ನನ್ನದೇ.

ಗ್ಯಾದರಿಂಗಿನ ಸಂಜೆ ಅತಿಥಿಯಾಗಿ ಬಂದ ಸ್ವಾಮಿಗಳು ಮೂವತ್ತೂ ಹಣತೆ ಹಚ್ಚಿದರು. ಸ್ಟೇಜಿನ ಹಿಂದೆ ಆಯಿ ಒಂದು ಮೇಣದ ಬತ್ತಿ, ಒಂದು ಕತ್ತರಿ ಹಿಡಿದು ಕೂತಳು. ಹುಡುಗಿಯರು ಸಾಲಾಗಿ ನಿಂತರು. ಪಟ್ಟಿ ಕತ್ತರಿಸುವುದು, ಉರಿಗೆ ಹಿಡಿಯುವುದು, ಕರ್ರಗಾಗಿ ಆರಿತೆಂದರೆ "ಹೋಗವ್ವ" ಎನ್ನುವುದು. ಹನ್ನೆರಡು ಆರಿದವು. ಒಗೆಯುವಾಗ ಆ ಪಟ್ಟಿಯ ನೆನಪೇ ನನಗಿರಲಿಲ್ಲ. ಸಾಲಿನ ಕೊನೆಗೆ ನನ್ನ ಮಗಳಿದ್ದಳು.

ಹದಿಮೂರನೆಯ ಪಟ್ಟಿ ಭಗ್ ಎಂದು ಹತ್ತಿ ಆಯಿಯ ಬೆರಳ ತನಕ ಬಂತು. ಅವಳು ಅದನ್ನು ನೆಲಕ್ಕೆ ಹಾಕಿ ತುಳಿದಳು. ಲಂಗದ ಅಂಚು ಮೂಗಿಗೆ ಹಿಡಿದಳು. "ಯಾರು ಒಗದಾರ ಇದನ್ನ?"

ನಾನು ಮಗಳ ಮುಂದೆ ಬಂದು ನಿಂತೆ.

"ಎರಡು ನಿಮಿಷದ ಕುಣಿತ ಆಯಿ, ಏನಾಗ್ತದ" ಎಂದೆ.

"ನಮ್ಮ ತಂಗಿಗಿ ಎರಡು ನಿಮಿಷನೂ ಬೇಕಾಗಿಲ್ರಿ. ದೀಪ ಆರಿಸ್ರಿ, ಇಲ್ಲಾ ಈ ಪರಕಾರ ಬಿಚ್ರಿ."

ತಡ ಯಾಕೆಂದು ಹೆಡ್‌ಮಾಸ್ತರರು ಒಳಗೆ ಬಂದರು. ದೀಪ ಆರಿಸುವ ಮಾತಿಗೆ ಬೆಚ್ಚಿದರು. ಸ್ವಾಮಿಗಳು ಹಚ್ಚಿದ ದೀಪ ಆರಿಸುವುದುಂಟೇ? "ಇದೊಂದು ಯಾಕ ಹಿಂಗಾಯ್ತು? ಯಾರ ತಪ್ಪು?" ಎಂದು ಗದರಿದರು. ನಾನು ಬಾಯಿ ತೆರೆದೆ. ಆಯಿ ನನ್ನ ಮಣಿಕಟ್ಟು ಹಿಡಿದಳು. "ಮಗಳು ನೋಡಾಕತ್ತಾಳ, ಸುಮ್ಮ ಇರ್ರಿ" ಎಂದು ನನಗಷ್ಟೇ ಕೇಳುವಂತೆ ಹೇಳಿ ಅವರತ್ತ ತಿರುಗಿದಳು. "ನಂದೇ ತಪ್ಪ್ರಿ ಸರ್. ಇದೊಂದು ಅದ್ದೋದು ಮರ್ತೆ."

ಮಗಳು ಅಂಗಿಚಡ್ಡಿಯಲ್ಲಿ ಪರದೆಯ ಹಿಂದೆ ನಿಂತು ಬಿಕ್ಕಿದಳು. ಅವಳ ಜಾಗದಲ್ಲಿ ಇನ್ನೊಬ್ಬಳು ಕುಣಿದಳು. ತಿರುಗುವಾಗ ಆ ಹುಡುಗಿಯ ಲಂಗದ ಅಂಚು ಎರಡು ಹಣತೆಗಳ ಮೇಲೆ ಹಾದುಹೋಯಿತು. ಗೇಣುದ್ದ ಬಟ್ಟೆ ಕಪ್ಪಾಯಿತು, ಅಷ್ಟೇ. ಜನ ಚಪ್ಪಾಳೆ ಹೊಡೆದರು.

ಆಯಿಗೆ ವಯಸ್ಸಾಯಿತು, ಮರೆವು ಬಂದಿದೆ ಎಂದು ಸುದ್ದಿಯಾಯಿತು. ಮುಂದಿನ ವರ್ಷ ನಮ್ಮ ಶಾಲೆ ಅವಳನ್ನು ಕರೆಯಲಿಲ್ಲ. ಜೇವರ್ಗಿ ಕಡೆಯ ಶಾಲೆಯವರೂ ಬಿಟ್ಟರು. ನಾನು ಸುಮ್ಮನಿದ್ದೆ. ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಅವಳ ಮನೆಗೆ ಹೋದೆ.

"ನಾನ ಒಗದಿದ್ದೆ ಆಯಿ."

"ಗೊತ್ತದರಿ. ಗಂಜಿ ವಾಸನಿ ಹೊಡೀತಿತ್ತು." ಗುಂಡಿ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ನಮ್ಮ ತಂಗೀದೂ ನಾನ ಒಗದಿದ್ದೆ. ಗಂಜಿ ಹಾಕಿದ್ದೆ, ಚಂದ ಕಾಣ್ಲಿ ಅಂತ. ಅವತ್ತು ಯಾರೂ ನನ್ನ ಕೇಳಲಿಲ್ಲ ಅಕ್ಕೋರ, ಯಾರು ಒಗದಾರ ಅಂತ. ನಮ್ಮವ್ವನೂ ಕೇಳಲಿಲ್ಲ. ಚಹಾ ಕುಡೀತೀರೇನು?"

ಹೋದ ವರ್ಷ ಆಯಿ ತೀರಿಕೊಂಡಳು. ಮಣ್ಣು ಕೊಡಲು ಹೋದಾಗ ಕಾಲೇಜು ಓದುವ ಮಗಳೂ ಬಂದಿದ್ದಳು. ಮಡಚಿದ ಆ ಎರಡು ಬೆರಳು ನೋಡುತ್ತ ನನ್ನ ಕಿವಿಯಲ್ಲಿ ಅಂದಳು: "ಪಾಪ, ಒಳ್ಳೆಯಾಕಿ ಇದ್ಳು. ನಂದೊಂದು ಅದ್ದೋದು ಮರ್ತಿದ್ಳಲ್ಲ, ನಾನು ಎಷ್ಟ್ ಬೈದಿದ್ದೆ." ನಾನು "ಹೂಂ" ಎಂದೆ. ಹೆಣದ ಮುಂದೆ ನಿಂತೂ ಹೂಂ ಎಂದೆ.

ಈಗಲೂ ಹುಡುಗಿಯರನ್ನು ಸ್ಟೇಜಿಗೆ ಬಿಡುವ ಮುಂಚೆ ಲಂಗದ ಅಂಚಿನ ಪಟ್ಟಿ ಕತ್ತರಿಸಿ ಸುಟ್ಟು ನೋಡುತ್ತೇನೆ. ಬೆರಳಿಗೆ ಬಿಸಿ ತಾಗುವ ತನಕ ಬಿಡುವುದಿಲ್ಲ. ಅದರಿಂದ ಋಣ ತೀರುವುದಿಲ್ಲ, ಗೊತ್ತು. ಆಯಿ ಏನನ್ನೂ ಮರೆತಿರಲಿಲ್ಲ ಮಗಳೇ. ಒಗೆದವಳು ನಾನು.