ನಡುಗಿದ್ದು ಬಸ್ಸು

ನಮ್ಮ ಡ್ರಾಯಿಂಗ್ ಮಾಸ್ತರರ ಪ್ಯಾಂಟುಗಳೆಲ್ಲ ಬಲ ಮೊಣಕಾಲಿನ ಮೇಲೆ ಮಾತ್ರ ಸವೆದಿರುತ್ತಿದ್ದವು. ಅಲ್ಲಿ ಸಾಸಿವೆ ಚೆಲ್ಲಿದಂತೆ ಕಪ್ಪು ಶಾಯಿಯ ಚುಕ್ಕೆಗಳು. ಬಸ್ಸಿನಲ್ಲಿ ಅದೇ ಮೊಣಕಾಲಿನ ಮೇಲೆ ಪುಸ್ತಕವಿಟ್ಟು ಚಿತ್ರ ಬರೆಯುತ್ತಿದ್ದರು. ಗಾಲಿ ಗುಂಡಿಗಿಳಿದಾಗ ಪೆನ್ನು ಹಾಳೆಯಿಂದ ಜಾರಿ ಬಟ್ಟೆಗೆ ಚುಚ್ಚುತ್ತಿತ್ತು. "ಮನ್ಯಾಗ ಬೇಗಂ ದಿನಾ ಬೈತಾರ್ರಿ," ಎನ್ನುತ್ತಿದ್ದರು, ಪದಕ ತೋರಿಸುವವರ ಹಾಗೆ.

ನಿವೃತ್ತರಾದ ಮೇಲೆ ಅವರಿಗೆ ಅದೊಂದೇ ಹುಚ್ಚು. ಬೀದರಿನಿಂದ ಭಾಲ್ಕಿಗೋ ಔರಾದಿಗೋ ಬಸ್ಸು ಹತ್ತುವುದು, ಹಟ ಮಾಡಿ ಹಿಂದಿನ ಗಾಲಿಯ ಮೇಲಿನ ಸೀಟನ್ನೇ ಹಿಡಿಯುವುದು, ಕಂಡದ್ದನ್ನೆಲ್ಲ ವ್ಯಂಗ್ಯಚಿತ್ರವಾಗಿ ತಮ್ಮ ಪ್ರವಾಸದ ಡೈರಿಗೆ ಇಳಿಸುವುದು. ಒಂದು ಚಿತ್ರದಲ್ಲಿ, ಹಲಬರ್ಗಾದ ಹತ್ತಿರ ಬಸ್ಸು ಎಗರಿದಾಗ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು ಗಾಳಿಯಲ್ಲಿ, ಅವರ ತಲೆಯ ಮೇಲೆ ಯಾರದೋ ಮೆಂತ್ಯೆಪಲ್ಲೆಯ ಗಂಟು. ಗೆರೆಗಳೆಲ್ಲ ಗರಗಸದ ಹಲ್ಲಿನಂತೆ ಏರಿಳಿಯುತ್ತಿದ್ದವು. ಮನೆಗೆ ಬಂದು ತಿದ್ದಬಾರದೇ ಎಂದರೆ ಸಾಕು, ಕೆರಳುತ್ತಿದ್ದರು. "ಅರ್ಧ ನಾ ತಗದೀನಿ, ಅರ್ಧ ರಸ್ತಿ ತಗದದ. ಅದರ ಪಾಲು ನಾ ಹ್ಯಾಂಗ ಅಳಿಸ್ಲಿ?"

ಬೀದರಿನ ಮೈಲೂರು ಬಡಾವಣೆಯಲ್ಲಿ ಅವರ ಮನೆ, ನಮ್ಮ ಮನೆ ಎದುರುಬದುರು. ನನ್ನ ತಾಯಿ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಆಸ್ಪತ್ರೆಯ ಬಂಗಲೆ ಬಿಟ್ಟು ಸ್ವದೇಶಕ್ಕೆ ಹೋದ ಡಾಕ್ಟರಮ್ಮ ಅವರಿಗೆ ಕೊಟ್ಟ ಪಿಯಾನೋ ನಮ್ಮ ಮುಂದಿನ ಕೋಣೆಯ ಅರ್ಧ ಜಾಗ ತಿಂದಿದೆ. ತಾಯಿ ಕಲಿಸಿದ ಯುರೋಪಿನ ಶಾಸ್ತ್ರೀಯ ಸಂಗೀತವನ್ನು ನಾನು ಕಲಿಸುವ ಶಾಲೆಯಿಂದ ಬಂದು ದಿನವೂ ನುಡಿಸುತ್ತೇನೆ. ಓಣಿಯವರಿಗೆ ಕ್ರೈಸ್ತರ ಮನೆಯ ಪಿಯಾನೋ ಎಂದರೆ ದೇವರ ಹಾಡು, ಅಷ್ಟೇ. "ಇವತ್ತೂ ಪ್ರಾರ್ಥನಿ ಇತ್ತೇನ್ರಿ?" ಎಂದು ಅವರು ಕೇಳುವುದನ್ನು ಕೇಳಿ ಕೇಳಿ ನನಗೆ ತಲೆಕೆಟ್ಟಿತ್ತು. ಮಾಸ್ತರರು ಮಾತ್ರ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, "ಟೀಚರ್, ನಿನ್ನಿ ನಡುವ ಬಿಟ್ಟಿದ್ರಲ್ಲ, ಅದರ ಮುಂದಿಂದು ಬಾರಸ್ರಿ," ಎನ್ನುತ್ತಿದ್ದರು. ಇಡೀ ಬೀದರಿನಲ್ಲಿ ನನ್ನ ಸಂಗೀತಕ್ಕೆ ಇದ್ದ ಕಿವಿ ಅವರದೊಂದೇ.

ಆ ಡೈರಿ ಇದ್ದ ಹಾಗೆಯೇ ಪುಸ್ತಕವಾಗಬೇಕು ಎಂಬುದು ಅವರ ಆಸೆ. ಊರಿನ ಮುದ್ರಣಾಲಯವೊಂದರ ಮಾಲೀಕರು ಒಪ್ಪಿದರು. ಕರಡು ನೋಡಲು ಹೋದ ಮಾಸ್ತರರು, ಅಷ್ಟು ಅದಬು ಮರ್ಯಾದೆಯ ಮನುಷ್ಯ, ಚಪ್ಪಲಿಯನ್ನೂ ಕಳಚದೆ ನಮ್ಮ ಮನೆಗೆ ನುಗ್ಗಿದರು. ಮಾಲೀಕರು ಗೆರೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ನುಣುಪು ಮಾಡಿಸಿದ್ದರಂತೆ. ಯಾಕೆಂದು ಕೇಳಿದರೆ, "ವಯಸ್ಸಾಗ್ಯದಲ್ರಿ, ಕೈ ನಡುಗ್ತಾವ. ಮಂದಿ ನಗಬಾರದಂತ ಸಾಫ್ ಮಾಡಿಸೀನಿ," ಎಂದರಂತೆ.

"ನಡುಗಿದ್ದು ಬಸ್ಸು ಟೀಚರ್, ನಾ ಅಲ್ಲ!" ಮಾಸ್ತರರ ದನಿ ಒಡೆದಿತ್ತು. "ನೀವು ಬಾರಸ್ರಿ. ನಾ ಇಲ್ಲೇ ಕೂತು ತಗೀತೀನಿ. ಕುರ್ಚಿಯೇನ್ ಜಿಗಿಯಲ್ಲಲ್ಲ!"

ನಾನು ನುಡಿಸಿದೆ. ಪಿಯಾನೋದ ಬಿಳಿ ಕರಿ ಪಟ್ಟಿಗಳನ್ನು ಅವರು ಒಂದೂ ಬಿಡದೆ, ಸ್ಕೇಲು ಮುಟ್ಟದೆ ಬರೆದರು. ಗೆರೆಗಳು ನೂಲು ಹಿಡಿದಷ್ಟು ನೆಟ್ಟಗಿದ್ದವು. ಆ ಸಿಟ್ಟಿನಲ್ಲೂ ನನ್ನ ಮೂಗನ್ನು ಬದನೆಕಾಯಿ ಮಾಡಲು ಮರೆಯಲಿಲ್ಲ. ಮರುದಿನ ಆ ಹಾಳೆಯನ್ನು ಒಯ್ದು ಮಾಲೀಕರ ಮುಂದಿಟ್ಟರು. ಮಾಲೀಕರು ನೋಡಿ, ತಲೆಯಾಡಿಸಿ, ಪುಸ್ತಕಕ್ಕೆಂದು ಅದನ್ನೂ ಇಟ್ಟುಕೊಂಡು, ಡೈರಿಯನ್ನು ಇದ್ದ ಹಾಗೆಯೇ ಅಚ್ಚು ಹಾಕುವುದಾಗಿ ಮಾತು ಕೊಟ್ಟರು. ಮಾಸ್ತರರು ಓಣಿಗೆಲ್ಲ ಪೇಢೆ ಹಂಚಿದರು. ವಾರದೊಳಗೆ ಎದೆನೋವು ಬಂದು ತೀರಿಕೊಂಡರು.

ಪುಸ್ತಕ ಬಂತು. ಎಲ್ಲ ನುಣುಪು! ಹಲಬರ್ಗಾದ ದಾರಿ ಕನ್ನಡಿಯ ಹಾಗಿದೆ. ಬಸ್ಸು ಅಲುಗದೆ ನಿಂತಿದೆ. ಕಂಡಕ್ಟರು ಮಾತ್ರ ಕಾರಣವೇ ಇಲ್ಲದೆ ಗಾಳಿಯಲ್ಲಿ ತೇಲುತ್ತಿದ್ದಾರೆ. ನಗು ಬರಬೇಕಾದಲ್ಲಿ, ಪಾಪ, ಬರೆದವರಿಗೆ ಏನಾಗಿತ್ತೋ ಎನಿಸುತ್ತದೆ. ಮುನ್ನುಡಿಯಲ್ಲಿ 'ನಡುಗುವ ಕೈಯ ಗೆರೆಗಳನ್ನು ಪ್ರೀತಿಯಿಂದ ತಿದ್ದಿದ್ದೇವೆ' ಎಂದಿದೆ. ಪ್ರೀತಿಯಂತೆ! ಬದುಕಿದ್ದಾಗ ಕೊಟ್ಟ ಮಾತನ್ನು ಸತ್ತ ಮೇಲೆ ಮುರಿಯುವುದಕ್ಕೆ ಎಂಥ ಸಭ್ಯ ಹೆಸರು! ತಿದ್ದಲು ಏನೂ ಸಿಗದ ಒಂದೇ ಚಿತ್ರ ನಮ್ಮ ಪಿಯಾನೋದ್ದು. ಅದರ ಕೆಳಗೆ ಹೀಗೆ ಅಚ್ಚಾಗಿದೆ: 'ಕೈ ಗಟ್ಟಿಯಿದ್ದ ಕಾಲದ್ದು.'

ಮೈಯೆಲ್ಲ ಉರಿದುಹೋಯಿತು. ಮಾಲೀಕರಿಗೆ ಫೋನು ಮಾಡಿದೆ. "ಹೋದವರ ಮರ್ಯಾದಿ ಕಾದೀವ್ರಿ ಟೀಚರ್," ಎಂದರು. "ಅವರ ಮರ್ಯಾದಿ ಅವರ ಗೆರ್ಯಾಗ ಇತ್ತು. ಅದನ್ನೇ ಒರಸೀರಿ," ಎಂದು ಫೋನಿಟ್ಟೆ.

ಈಗ ಯಾರ ಮನೆಯಲ್ಲಿ ಆ ಪುಸ್ತಕ ಕಂಡರೂ ಇಸಿದುಕೊಂಡು, ಪಿಯಾನೋ ಚಿತ್ರದ ಕೆಳಗಿನ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕುತ್ತೇನೆ. ಬೇರೆಯವರ ಪುಸ್ತಕದಲ್ಲಿ ಗೀಚಬಾರದೆಂದು ಮಕ್ಕಳಿಗೆ ಹೇಳುವ ಟೀಚರ್ ನಾನು, ಇರಲಿ. ಹೋದ ವಾರ ಮುದ್ರಣಾಲಯಕ್ಕೇ ಹೋದೆ. ಮಾಲೀಕರ ಮೇಜಿನ ಮೇಲಿದ್ದ ಪ್ರತಿಯನ್ನು ತೆರೆದು, ಅವರ ಕಣ್ಣೆದುರಿಗೇ ಆ ಸಾಲು ಹೊಡೆದು ಕೆಳಗೆ ಬರೆದೆ: 'ಸಾಯುವ ವಾರ ಬರೆದದ್ದು.'